ಬೀದಿಯ ವಿದ್ಯುತ್ತು, ಜೇಬಿನ ಫೋನು

ಏಲೂರಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಜನರು ಊರಿಗೆ ಹೊರಟು ಆಲುವಾ ಅಥವಾ ಎರ್ನಾಕುಲಂ ನಿಲ್ದಾಣವನ್ನು ಸೇರಿದೊಡನೆ ಮೊಬೈಲಿಗೆ ಚಾರ್ಜು ತುಂಬುವ ಸ್ಥಳವನ್ನು ಅರಸುವುದು ಈಗ ಸಾಮಾನ್ಯ. ಟಿಕೇಟು, ಹಣ, ಮನೆಯವರ ಸಂಪರ್ಕ ಈ ಮೂರೂ ಅದೊಂದೇ ಯಂತ್ರದಲ್ಲಿ ಅಡಗಿರುವಾಗ, ಅದನ್ನು ಅಪರಿಚಿತ ತಂತಿಗೆ ಜೋಡಿಸುವುದು ಎಷ್ಟರಮಟ್ಟಿಗೆ ಕ್ಷೇಮವೆಂಬ ಪ್ರಶ್ನೆ ಕ್ಷುಲ್ಲಕವಲ್ಲ.

ಈ ಕುರಿತು ಎಚ್ಚರಿಕೆಗಳಿಗೆ ಕೊರತೆಯಿಲ್ಲ. 2019ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕು ತನ್ನ ಗ್ರಾಹಕರನ್ನು ಎಚ್ಚರಿಸಿತು. 2022ರಲ್ಲಿ ರಿಸರ್ವ್ ಬ್ಯಾಂಕು ಹೊರತಂದ ಕಿರುಹೊತ್ತಗೆಯಲ್ಲಿ 'ಜ್ಯೂಸ್ ಜಾಕಿಂಗ್' ಎಂಬ ಈ ವಂಚನೆಗೂ ಸ್ಥಾನ ದೊರೆಯಿತು. 2023ರ ಏಪ್ರಿಲಿನಲ್ಲಿ ಅಮೆರಿಕದ ಎಫ್.ಬಿ.ಐ.ಯ ಡೆನ್ವರ್ ಕಚೇರಿಯೂ ಅದನ್ನೇ ಸಾರಿತು. ಇದರ ಮೂಲ ಸರಳವಾದುದು. ಯು.ಎಸ್.ಬಿ. ಕೇಬಲ್ಲಿನಲ್ಲಿ ವಿದ್ಯುತ್ತಿಗೆ ಬೇರೆ ತಂತಿ, ಮಾಹಿತಿಗೆ ಬೇರೆ ತಂತಿ ಇರುತ್ತವೆ. ಚಾರ್ಜು ಕೊಡುವ ಪೆಟ್ಟಿಗೆಯೊಳಗೆ ಕಂಪ್ಯೂಟರೊಂದನ್ನು ಅಡಗಿಸಿದರೆ ಅದು ಎರಡನೆಯ ದಾರಿಯಿಂದ ಫೋನನ್ನು ಪ್ರವೇಶಿಸಲು ಯತ್ನಿಸಬಲ್ಲದು.

ಆದರೆ ಭಯಕ್ಕೂ ಒಂದು ಮಿತಿ ಬೇಕು. 2011ರಲ್ಲಿ ಲಾಸ್ ವೇಗಸ್ಸಿನ ಸಮ್ಮೇಳನವೊಂದರಲ್ಲಿ ತಜ್ಞರು ಇದರ ಸಾಧ್ಯತೆಯನ್ನು ತೋರಿಸಿಕೊಟ್ಟ ಮೇಲೆ ಫೋನು ತಯಾರಕರು ಸುಮ್ಮನೆ ಕುಳಿತಿಲ್ಲ. 2013ರಿಂದ ಐಫೋನು ಹೊಸ ಕಂಪ್ಯೂಟರನ್ನು ನಂಬಬೇಕೇ ಎಂದು ಒಡೆಯನನ್ನು ಕೇಳುತ್ತದೆ. 2015ರಿಂದ ಆಂಡ್ರಾಯ್ಡ್ ಫೋನು ತಾನಾಗಿ ಚಾರ್ಜನ್ನು ಮಾತ್ರ ಸ್ವೀಕರಿಸುತ್ತದೆ. ಆ ಬೀಗವನ್ನೂ ವಂಚಿಸಬಹುದೆಂದು ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ತೋರಿಸಿದರೆಂಬುದೂ ನಿಜ. ಆದುದರಿಂದ ಬಾಗಿಲಿಗೆ ಬೀಗವಿದೆ, ಬೀಗವನ್ನು ಆಗಾಗ್ಗೆ ನವೀಕರಿಸಬೇಕು ಎಂಬುದೇ ಇದರ ತಾತ್ಪರ್ಯ.

ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ಅಪಾಯ ಇನ್ನೂ ಹಳೆಯ ಬಗೆಯದು. ಚಾರ್ಜಿಗೆ ಹಾಕಿ ನಿದ್ರಿಸಿದವನ ಫೋನು ಕಳ್ಳನ ಪಾಲಾಗುತ್ತದೆ. ಅಂಗಡಿಯವನ ಕೈಗೆ ಬೀಗ ತೆರೆದೇ ಒಪ್ಪಿಸಿದವನು ತನ್ನ ಬ್ಯಾಂಕನ್ನೇ ಒಪ್ಪಿಸಿದಂತೆ. ಬೆಂಕಿಯ ಭಯದಿಂದ ರೈಲ್ವೆಯವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬೋಗಿಗಳ ಚಾರ್ಜಿಂಗ್ ವಿದ್ಯುತ್ತನ್ನು ನಿಲ್ಲಿಸುವ ಕ್ರಮವನ್ನು 2021ರಲ್ಲಿ ಬಿಗಿಗೊಳಿಸಿದುದನ್ನೂ ಬೆಂಗಳೂರಿನ ಪ್ರಯಾಣಿಕರು ನೆನೆಯಬೇಕು. ರಾತ್ರಿಯ ಗಾಡಿ ಹತ್ತುವವರು ಮೊದಲೇ ಮನೆಯಲ್ಲಿ ಚಾರ್ಜು ತುಂಬಿಕೊಳ್ಳುವುದು ಲೇಸು.

ಸ್ವಂತ ಚಾರ್ಜರನ್ನು ಗೋಡೆಯ ಮೂರು ರಂಧ್ರದ ಪ್ಲಗ್ಗಿಗೆ ಹಾಕಿದರೆ ಮಾಹಿತಿ ಸಾಗುವ ದಾರಿಯೇ ಇರುವುದಿಲ್ಲ. ಪವರ್ ಬ್ಯಾಂಕು ಜೊತೆಗಿದ್ದರೆ ಮತ್ತೂ ಒಳ್ಳೆಯದು. ಅಪರಿಚಿತರ ಕೇಬಲ್ಲು ಬೇಡ. ಫೋನು ಅನುಮತಿ ಕೇಳಿದರೆ ನಿರಾಕರಿಸತಕ್ಕದ್ದು. ಹಣ ಹೋದುದು ತಿಳಿದೊಡನೆ 1930ಕ್ಕೆ ಕರೆಮಾಡಿ ಬ್ಯಾಂಕಿಗೂ ತಿಳಿಸತಕ್ಕದ್ದು. ಇಲ್ಲಿ ವಿಳಂಬವೇ ನಷ್ಟ.

ಆದರೆ ಎಲ್ಲ ಹೊಣೆಯನ್ನೂ ಪ್ರಯಾಣಿಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊರಗಡೆ ಚಾರ್ಜು ಮಾಡಲೇಬೇಡಿರೆಂಬ ಉಪದೇಶ ಕಾರು, ಕಚೇರಿ ಉಳ್ಳವರಿಗೆ ಸುಲಭ. ಒಂದೇ ಕೋಣೆಯಲ್ಲಿ ಹಲವರು ವಾಸಿಸುವ ಕೂಲಿಗಾರನಿಗೆ ಅಲ್ಲ. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಏಲೂರು, ಆಲುವಾ ಜಲಾವೃತವಾದಾಗ ಚಾರ್ಜು ಉಳಿದ ಫೋನೇ ಅನೇಕರಿಗೆ ಸಹಾಯ ಬೇಡುವ ದಾರಿಯಾಗಿತ್ತು. ಆದುದರಿಂದ ನಿಲ್ದಾಣಗಳಲ್ಲಿ ಕಾವಲುಗಾರನ ಕಣ್ಣೆದುರಿಗೇ ಮೂರು ರಂಧ್ರದ ಪ್ಲಗ್ಗುಗಳನ್ನು ಹೆಚ್ಚಿಸುವುದು, ಯು.ಎಸ್.ಬಿ. ಪೆಟ್ಟಿಗೆಗಳನ್ನು ನಿಯತವಾಗಿ ಪರೀಕ್ಷಿಸುವುದು, ಎಚ್ಚರಿಕೆಯ ಫಲಕಗಳನ್ನು ಮಲಯಾಳದೊಂದಿಗೆ ಹೊರಗಿನಿಂದ ಬಂದವರ ಭಾಷೆಗಳಲ್ಲಿಯೂ ಬರೆಯುವುದು ರೈಲ್ವೆ, ಮೆಟ್ರೋ ಹಾಗೂ ನಗರಸಭೆಗಳ ಕರ್ತವ್ಯ. ಕುಡಿಯುವ ನೀರಿನ ನಲ್ಲಿಯನ್ನು ಸಾರ್ವಜನಿಕರಿಗೆ ಒದಗಿಸಿದವರು ನೀರಿನ ಶುದ್ಧಿಗೂ ಉತ್ತರವಾದಿಗಳು. ವಿದ್ಯುತ್ತಿಗೂ ಅದೇ ನ್ಯಾಯ ಸಲ್ಲಬೇಕು.