ಟೀಮ್ ಲಿಸ್ಟ್ ಎಲ್ಲಿದೆ ಸ್ವಾಮಿ?

ಸ್ವಲ್ಪ ಉದ್ದ ಇದೆ, ಕೂತು ಓದಿ.

ತಿಪಟೂರು ಎಪಿಎಂಸಿಯಲ್ಲಿ ಹರಾಜಿನ ದಿನ ಕೊಬ್ಬರಿ ಕ್ವಿಂಟಾಲ್‌ಗೆ ಎಷ್ಟಕ್ಕೆ ಹೋಯ್ತು, ಎಷ್ಟು ಮಾಲು ಬಂತು, ಎಲ್ಲಾ ಬರೆದಿಡ್ತಾರೆ. ಪೇಪರಿನಲ್ಲೂ ಬರುತ್ತೆ. ಬರೀಲೇಬೇಕು, ದುಡ್ಡಿನ ವಿಷಯ. ಆದರೆ ಅದೇ ಕಾಯಿ ಸುಲಿದವರ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿ, ಯೂನಿವರ್ಸಿಟಿ ತಂಡಕ್ಕೆ ಸೆಲೆಕ್ಟ್ ಆಗಿ, ಕಬಡ್ಡಿ, ಖೋಖೋ, ವಾಲಿಬಾಲ್ ಆಡಿ ಬಂದರಲ್ಲ, ಅದನ್ನು ಯಾರು ಬರೆದಿಟ್ಟಿದ್ದಾರೆ? ಯಾವ ರಿಜಿಸ್ಟರಿನಲ್ಲಿದೆ?

ನಮ್ಮ ತಿಪಟೂರು, ತುರುವೇಕೆರೆ, ಚಿ.ನಾ.ಹಳ್ಳಿ ಕಡೆಯ ಕಾಲೇಜುಗಳ ಕಥೆ ಗೊತ್ತಲ್ಲ. ಮೊದಲು ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಬೆಂಗಳೂರು, 2004ರಿಂದ ತುಮಕೂರು. ಮನೆ ಬದಲಾಯಿಸುವಾಗ ಏನಾಗುತ್ತೆ? ಪಾತ್ರೆ ಪಗಡ ಬರುತ್ತೆ, ಹಳೇ ಪೆಟ್ಟಿಗೆ ಅಟ್ಟದಲ್ಲೇ ಉಳಿಯುತ್ತೆ. ಡಿಗ್ರಿ, ಮಾರ್ಕ್ಸ್ ಕಾರ್ಡ್ ವಿಷಯಕ್ಕೆ ಹಳೇ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರೆ ದಾಖಲೆ ಸಿಗುತ್ತೆ. ಆದರೆ 1985ರಲ್ಲೋ 1992ರಲ್ಲೋ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದ ಹನ್ನೆರಡು ಹುಡುಗರ ಪಟ್ಟಿ ಬೇಕು ಅಂದ್ರೆ ಯಾರ ಬಾಗಿಲು ತಟ್ಟೋದು? ಮೂರೂ ವಿಶ್ವವಿದ್ಯಾಲಯಗಳು ಉತ್ತರ ಹೇಳಬೇಕು. ಇದ್ದರೆ ತೋರಿಸಲಿ, ನಾನೇ ಹೋಗಿ ಕೈ ಮುಗಿದು ನೋಡಿ ಬರ್ತೀನಿ.

ನಮ್ಮ ಕೇರಿಯ ಒಬ್ಬ ಅಣ್ಣ ತೊಂಬತ್ತರ ದಶಕದಲ್ಲಿ ಯೂನಿವರ್ಸಿಟಿ ಬ್ಲೂ. ಕಬಡ್ಡಿ. ಬ್ಲೇಜರ್ ಇವತ್ತಿಗೂ ಗೋಡೆ ಮೊಳೆಯಲ್ಲಿ ನೇತಾಡ್ತಿದೆ, ಜೇಬಿನ ಲಾಂಛನ ಅರ್ಧ ಇಲಿ ತಿಂದಿದೆ. ಸರ್ಟಿಫಿಕೇಟು ಮಳೆಗಾಲದಲ್ಲಿ ಮಾಡು ಸೋರಿ ಹಾಳಾಯ್ತು. ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕೋಣ ಅಂತ ನಕಲು ಕೇಳೋಕೆ ಹೋದ್ರು. ಒಂದು ಕಚೇರಿ ಇನ್ನೊಂದಕ್ಕೆ ಕಳಿಸ್ತು, ಅದು ಮತ್ತೊಂದಕ್ಕೆ. ಕೊನೆಗೆ ಬಂದ ಮಾತು "ಅಷ್ಟು ಹಳೇದು ಇಲ್ಲ". ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತ್ತು. ಈಗ ತೋಟಗಳಲ್ಲಿ ಕಾಯಿ ಸುಲಿಯೋಕೆ ಹೋಗ್ತಾರೆ. ಅದೇ ಕಾಲೇಜಿನ ಸ್ಕಾಲರ್‌ಶಿಪ್ ರಿಜಿಸ್ಟರಿನಲ್ಲಿ ಅವರ ಹೆಸರು, ಹೆಸರಿನ ಮುಂದೆ ಜಾತಿ ಕಾಲಂ, ಎರಡೂ ಭದ್ರವಾಗಿವೆ! ಜಾತಿ ಸಿಗುತ್ತೆ, ಆಡಿದ ಆಟ ಸಿಗಲ್ಲ.

ನಾನು ಗುಮಾಸ್ತ. ಕಡತ ಹೇಗೆ ಸಾಯುತ್ತೆ ಅಂತ ನನಗೆ ಗೊತ್ತು. ವಿಲೇವಾರಿ ಆದ ಮೇಲೆ ಅದಕ್ಕೊಂದು ವರ್ಗ ಕೊಡ್ತೀವಿ. 'ಎ' ಅಂದ್ರೆ ಶಾಶ್ವತ. 'ಡಿ', 'ಇ' ಅಂದ್ರೆ ಕೆಲವೇ ವರ್ಷ, ಆಮೇಲೆ ನಾಶ. ಜಮೀನಿನದು ಶಾಶ್ವತ. ಕ್ರೀಡಾಕೂಟದ ಕಡತದಲ್ಲಿ ಇರೋದು ಏನು? ಪ್ರಯಾಣ ಭತ್ಯೆ, ಊಟದ ಬಿಲ್ಲು, ಚೆಂಡು ನೆಟ್ಟಿನ ಖರೀದಿ. ಆಡಿಟ್ ಮುಗಿದರೆ ಮುಗೀತು. ಆ ಬಿಲ್ಲಿಗೆ ಲಗತ್ತಾದ ಆಟಗಾರರ ಪಟ್ಟಿಯೂ ಬಿಲ್ಲಿನ ಜೊತೆಗೇ ಬೆಂಕಿಗೆ ಹೋಗುತ್ತೆ. ಯಾರೂ ದ್ವೇಷದಿಂದ ಸುಡಬೇಕಾಗಿಲ್ಲ ನೋಡಿ, ನಿಯಮದ ಪ್ರಕಾರವೇ ನಮ್ಮವರು ಬೂದಿ ಆಗ್ತಾರೆ. ಆದರೆ ಟ್ರಸ್ಟಿಗಳ ಫೋಟೊ, ದಾನಿಗಳ ಕಲ್ಲು, ಉದ್ಘಾಟನೆಯ ಫಲಕ ಇವಕ್ಕೆ ಯಾವ ವರ್ಗವೂ ಬೇಕಿಲ್ಲ. ಅವು ಗೋಡೆಯಲ್ಲೇ ಇರ್ತವೆ.

ಪಾಲ್ವಂಕರ್ ಬಾಲೂ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮ ಧಾರವಾಡದಲ್ಲೇ 1876ರಲ್ಲಿ ಹುಟ್ಟಿದವರು. ಚಮ್ಮಾರ ಕುಟುಂಬ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಸರಿ ಮಾಡುವ ಕೆಲಸ, ಜೊತೆಗೆ ದೊರೆಗಳಿಗೆ ನೆಟ್ಸ್‌ನಲ್ಲಿ ಬೌಲಿಂಗ್. ಹಿಂದೂಗಳ ತಂಡಕ್ಕೆ ಅವರ ಎಡಗೈ ಬೇಕಿತ್ತು, ಆದರೆ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಆದರೂ ನಾಯಕತ್ವ ಅಂತ ಬಂದಾಗ ಪದೇಪದೇ ತಪ್ಪಿಸಿದರು. ತಮ್ಮ ವಿಠ್ಠಲ್ 1923ರಲ್ಲಿ ನಾಯಕ ಆಗುವವರೆಗೂ ಆ ಮನೆಗೆ ಅದು ಸಿಗಲಿಲ್ಲ. ಈಗ ಯೋಚನೆ ಮಾಡಿ, 114 ಅನ್ನೋ ಲೆಕ್ಕ ನಮಗೆ ಹೇಗೆ ಸಿಕ್ತು? ಪ್ರತಿ ಪಂದ್ಯದ ಸ್ಕೋರು ಯಾರೋ ಕೂತು ಬರೆದರು, ಪತ್ರಿಕೆಗಳು ಅಚ್ಚು ಹಾಕಿದವು. ಹತ್ತಿರ ಹತ್ತಿರ ನೂರು ವರ್ಷ ಆದ ಮೇಲೆ ರಾಮಚಂದ್ರ ಗುಹಾ ಆ ಹಳೇ ಕಾಗದ ಕೆದಕಿ ಪುಸ್ತಕ ಬರೆದರು. ಕಾಗದ ಇಲ್ಲದಿದ್ದರೆ ಬಾಲೂ ಪಿಚ್ ಗುಡಿಸುವವರಾಗಿಯೇ ಉಳೀತಿದ್ರು, ಅದೂ ಅನುಮಾನ.

ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿ ಜೆಸ್ಸಿ ಓವೆನ್ಸ್‌ಗೆ ಕ್ಯಾಂಪಸ್ಸಿನಲ್ಲಿ ಇರೋಕೆ ಜಾಗ ಕೊಡಲಿಲ್ಲ, ಕರಿಯ ಅಂತ. ಇವತ್ತು ಅಲ್ಲಿನ ಅಥ್ಲೆಟಿಕ್ಸ್ ಕ್ರೀಡಾಂಗಣಕ್ಕೆ ಅವರದೇ ಹೆಸರು. ದೊಡ್ಡ ಮನಸ್ಸು ಅಂತ ನಾನು ಹೊಗಳ್ತಿಲ್ಲ. ದಾಖಲೆ ಇತ್ತು, ಅದಕ್ಕೇ ತಪ್ಪಿಸಿಕೊಳ್ಳೋಕೆ ಆಗಲಿಲ್ಲ.

"ಆಟದಲ್ಲೂ ಜಾತಿ ತರ್ತೀರಾ" ಅಂತ ಕೆಲವರು ಬರ್ತಾರೆ, ಬರಲಿ. ನಾನು ತರೋದು ಬೇಡ, ಅದು ಆಗಲೇ ಬಂದು ಕೂತಿದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋರು ಯಾರು, ಗ್ರೂಪ್ ಫೋಟೊದಲ್ಲಿ ಕುರ್ಚಿ ಮೇಲೆ ಕೂತೋರು ಯಾರು, ನೋಡಿ. ಇನ್ನು ಕೆಲವರು, ನಮ್ಮವರೇ, "ಮೊದಲು ಹುಡುಗರಿಗೆ ಶೂ ಕೊಡಿಸಿ, ಹಳೇ ಫೋಟೊ ಆಮೇಲೆ" ಅಂತಾರೆ. ಶೂ ಬೇಕು, ಒಪ್ತೀನಿ. ಆದರೆ 'ನಿಮ್ಮ ಕಡೆಯಿಂದ ಯಾರು ಆಡಿದ್ದಾರೆ' ಅಂತ ಶೂ ಕೊಡೋನು ಕೇಳ್ತಾನಲ್ಲ, ಆಗ ಏನು ತೋರಿಸ್ತೀರಿ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ಟಿವಿಯಲ್ಲಿ ಬಂತು, ಎಲ್ಲರೂ ಶಭಾಷ್ ಅಂದ್ರಿ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಮಣ್ಣಿನ ಅಂಕಣದಲ್ಲಿ ಕಂಬ ಸುತ್ತಿ ಮೊಣಕಾಲು ಕೆತ್ತಿಸಿಕೊಂಡ ನಮ್ಮ ಅಕ್ಕಂದಿರ ಹೆಸರು ಹೇಳಿ ನೋಡೋಣ.

2029ಕ್ಕೆ ತುಮಕೂರು ವಿಶ್ವವಿದ್ಯಾಲಯಕ್ಕೆ 25 ತುಂಬುತ್ತೆ. ಸ್ಮರಣ ಸಂಚಿಕೆ ಬರದೇ ಇರಲ್ಲ. ಕುಲಪತಿಗಳ ಸಾಲು ಸಾಲು ಫೋಟೊ ಹಾಕೋಕೆ ಈಗಿನಿಂದಲೇ ಪುಟ ಮೀಸಲಿಡಬೇಡಿ. ಮಾಹಿತಿ ಹಕ್ಕು ಕಾಯ್ದೆ 2005, ಕಲಂ 4(1)(ಎ) ಓದಿ: ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡೋದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ನಾವು ಅರ್ಜಿ ಹಾಕಿ ಬೇಡಬೇಕಾದ ಭಿಕ್ಷೆ ಅಲ್ಲ. ನಮ್ಮ ಬೇಡಿಕೆ ಇಷ್ಟೇ. ತಂಡಗಳ ಪಟ್ಟಿಯನ್ನು ಬಿಲ್ಲಿನಿಂದ ಬಿಡಿಸಿ 'ಎ' ವರ್ಗಕ್ಕೆ ಸೇರಿಸಿ. ಮೈಸೂರು, ಬೆಂಗಳೂರಿನಲ್ಲಿ ಉಳಿದಿರುವ ಹಳೇ ಪಟ್ಟಿಗಳ ನಕಲು ತರಿಸಿ. ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು ಬದುಕಿರುವಾಗಲೇ ಹೋಗಿ ಮಾತಾಡಿಸಿ, ಅವರ ಹತ್ತಿರ ಡೈರಿ ಇರ್ತವೆ. ಸರ್ಟಿಫಿಕೇಟು ಕಳಕೊಂಡ ಆಟಗಾರರಿಗೆ ಜೊತೆ ಆಟಗಾರರ ಸಾಕ್ಷಿ ಮೇಲೆ ದೃಢೀಕರಣ ಕೊಡೋ ದಾರಿ ಮಾಡಿ.

ಗೆಳೆಯರೇ, ಅವರು ಮಾಡೋವರೆಗೂ ನಾವು ಸುಮ್ಮನೆ ಕೂರೋದು ಬೇಡ. ಮನೆಯಲ್ಲಿ ಹಳೇ ಟೀಮ್ ಫೋಟೊ ಇದ್ರೆ ಮೊಬೈಲಲ್ಲಿ ಎರಡೂ ಬದಿ ತೆಗೀರಿ, ಎಡದಿಂದ ಬಲಕ್ಕೆ ಪೂರ್ತಿ ಹೆಸರು, ಊರು, ವರ್ಷ, ಆಟ ಬರೀರಿ. ಹಿಂದಿನ ಸಾಲಿನಲ್ಲಿ ತುದಿಗೆ ನಿಂತೋರ ಹೆಸರು ಯಾರಿಗೂ ನೆನಪಿರಲ್ಲ. ಮೊದಲು ಅವರನ್ನ ಹುಡುಕಿ.