ದ್ವಿಪೌರತ್ವವೆಂಬ ಮಾಯಾಮೃಗ

ಡೊಂಬಿವಲಿಯಲ್ಲಾಗಲಿ ಠಾಣೆಯಲ್ಲಾಗಲಿ, ನಮ್ಮವರ ಗೃಹಪ್ರವೇಶ, ಉಪನಯನಗಳ ಪಂಕ್ತಿಯಲ್ಲಿ ಕುಳಿತಾಗ ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ: “ನಮ್ಮ ಹುಡುಗನಿಗೆ ಅಮೆರಿಕದ ಸಿಟಿಜನ್‌ಶಿಪ್ ಬಂತು, ಇಲ್ಲಿಯದೂ ಇದೆ, ಡಬಲ್.” ಹೇಳುವವರ ಸಂತೋಷ ಕೆಡಿಸಲು ಮನಸ್ಸಾಗದೆ ನಾನು ಸಾರಿನ ಕಡೆಗೆ ಗಮನ ತಿರುಗಿಸುತ್ತೇನೆ. ಆದರೆ ಮೂರು ದಶಕ ಕೇಂದ್ರ ಸರಕಾರದ ಕಡತಗಳ ನಡುವೆ ಬದುಕಿದವನಿಗೆ ಈ ‘ಡಬಲ್’ ಎಂಬ ಶಬ್ದ ಗಂಟಲಲ್ಲಿ ಇಳಿಯುವುದಿಲ್ಲ.

ಅಂಥದೊಂದು ಪೌರತ್ವ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಆ ಕ್ಷಣದಿಂದಲೇ ಭಾರತದ ಪೌರನಲ್ಲ. 1955ರ ಪೌರತ್ವ ಕಾಯಿದೆಯ 9ನೆಯ ಕಲಮು ಇದರಲ್ಲಿ ಯಾವ ಸಂದಿಗ್ಧವನ್ನೂ ಉಳಿಸಿಲ್ಲ. 2022ನೆಯ ಒಂದೇ ವರ್ಷದಲ್ಲಿ 2,25,620 ಮಂದಿ ಹೀಗೆ ಹೊರಗಾದರು. 2005ರಿಂದ ಅವರ ಕೈಗೆ ಬರುತ್ತಿರುವ ಓಸಿಐ ಕಾರ್ಡು ಆಜೀವ ವೀಸಾ ಮಾತ್ರ. ಅದರಿಂದ ಮತವಿಲ್ಲ, ಸರಕಾರಿ ನೌಕರಿಯಿಲ್ಲ. ಊರಿನ ತೋಟ ತಂದೆಯಿಂದ ಬಂದರೆ ಸರಿ, ಪಕ್ಕದ ಗದ್ದೆಯನ್ನು ಕೊಳ್ಳುವಂತಿಲ್ಲ. ಪೌರತ್ವವಲ್ಲದ್ದಕ್ಕೆ ಪೌರತ್ವವೆಂದು ಹೆಸರಿಟ್ಟ ಶಾಸನಕರ್ತರ ಮೇಲೆಯೇ ನನ್ನ ಮೊದಲ ತಕರಾರು.

ಅಧಿಸೂಚನೆಯಿಂದ ಬಂದ ಹಕ್ಕು ಅಧಿಸೂಚನೆಯಿಂದಲೇ ಹೋಗುತ್ತದೆ ಎಂಬುದನ್ನು ಕರಡು ತಿದ್ದಿದ ನಮ್ಮಂಥವರು ಬಲ್ಲೆವು. ಕರ್ನಾಟಕದ್ದೇ ಉದಾಹರಣೆ ನೋಡಿ. ಓಸಿಐ ವಿದ್ಯಾರ್ಥಿಗಳಿಗೂ ಸಿಇಟಿ ಸೀಟುಗಳಲ್ಲಿ ಸಮಾನ ಹಕ್ಕಿದೆಯೆಂದು 2020ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, 2021ರ ಮಾರ್ಚ್ 4ರಂದು, ಗೃಹ ಮಂತ್ರಾಲಯದ ಅಧಿಸೂಚನೆಯೊಂದು ಅವರನ್ನು ಅನಿವಾಸಿ ಭಾರತೀಯರ ಸೀಟುಗಳಿಗೆ ಸೀಮಿತಗೊಳಿಸಿತು. ಸಂಶೋಧನೆಗೂ ಪತ್ರಿಕಾವೃತ್ತಿಗೂ ವಿಶೇಷ ಅನುಮತಿ ಬೇಕೆಂದಿತು. ಆ ದಿನಾಂಕದ ಮೊದಲೇ ಕಾರ್ಡು ಪಡೆದವರಿಗೆ ಸೀಟುಗಳ ಈ ನಿರ್ಬಂಧ ತಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳುವಾಗ 2023ರ ಫೆಬ್ರವರಿ ಬಂದಿತ್ತು. ಪೌರನ ಹಕ್ಕಿಗೆ ಇಂಥ ಗತಿ ಇಷ್ಟು ಸಲೀಸಾಗಿ ಬರುವುದಿಲ್ಲ.

ಇನ್ನು ಪರದೇಶದ ನೌಕರಿ. ಎರಡನೆಯ ಪಾಸ್‌ಪೋರ್ಟಿದ್ದರೆ ಎಲ್ಲ ಬಾಗಿಲುಗಳೂ ತೆರೆಯುತ್ತವೆಂದು ಹಣ ಪಡೆದು ಕಿರುದ್ವೀಪಗಳ ಪೌರತ್ವ ಕೊಡಿಸುವ ದಲ್ಲಾಳಿಗಳು ನಂಬಿಸುತ್ತಾರೆ. ಆದರೆ ನಮ್ಮ ಐರೋಲಿ, ಮಹಾಪೆಗಳ ಸಾಫ್ಟ್‌ವೇರ್ ತರುಣರು ಹಂಬಲಿಸುವ ಅಮೆರಿಕದ ಗ್ರೀನ್ ಕಾರ್ಡಿನ ಸರದಿಯಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿಯಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ದೇಶ. ಕಲ್ಯಾಣದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದವನು ಯಾವ ದ್ವೀಪದ ಪಾಸ್‌ಪೋರ್ಟು ಹಿಡಿದು ಹೋದರೂ ಭಾರತದ ಸಾಲಿನಲ್ಲಿಯೇ ನಿಲ್ಲಬೇಕು. (ಹೆಂಡತಿ ಕುವೈತಿನಲ್ಲೋ ಮಸ್ಕತಿನಲ್ಲೋ ಹುಟ್ಟಿದ್ದರೆ ಅವಳ ಸಾಲಿಗೆ ಸೇರಬಹುದು. ಜಾತಕ ನೋಡುವವರು ಇದನ್ನೂ ಗಮನಿಸಲಿ!)

ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆನಡಾದ ಪೌರನಾದವನು ಎಚ್-1ಬಿಯ ಲಾಟರಿಗೆ ಕಾಯದೆ, ನಿಗದಿಯಾದ ಕೆಲವು ವೃತ್ತಿಗಳಲ್ಲಿ, ಟಿಎನ್ ಎಂಬ ವ್ಯವಸ್ಥೆಯಡಿ ಅಮೆರಿಕದಲ್ಲಿ ದುಡಿಯಬಹುದು. ನೆರೆಯ ಗೋವೆಯಲ್ಲಿ 1961ರ ಡಿಸೆಂಬರ್ 19ಕ್ಕಿಂತ ಮೊದಲು ಹುಟ್ಟಿದವರೂ ಅವರ ಮಕ್ಕಳುಮೊಮ್ಮಕ್ಕಳೂ ಪೋರ್ತುಗೀಸ್ ಪೌರತ್ವ ಪಡೆದು ಇಂಗ್ಲೆಂಡಿನ ಸ್ವಿಂಡನ್ನಿಗೆ ದುಡಿಯಲು ಹೋದರು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದು 2020ರ ಕೊನೆಗೆ ಮುಕ್ತ ಸಂಚಾರ ನಿಂತಾಗ, ಆಮೇಲೆ ಹೊರಟವರಿಗೆ ಅದೇ ಪಾಸ್‌ಪೋರ್ಟು ಆ ಬಾಗಿಲನ್ನು ತೆರೆಯಲಿಲ್ಲ. ಭಾರತದ ಪೌರತ್ವ ಮಾತ್ರ ಅಷ್ಟರಲ್ಲಿ ಹೋಗಿತ್ತು.

ಹಾಗಾದರೆ ಕಾನೂನನ್ನೇ ಬದಲಿಸಿ, ಎರಡನ್ನೂ ಕೊಡಿ ಎಂದು ನಮ್ಮ ವೇದಿಕೆಗಳಲ್ಲಿ ಕೆಲವರು ವಾದಿಸುತ್ತಾರೆ. ನಾನು ಒಪ್ಪಲಾರೆ. ಹೊರನಾಡಿನ ನಾವು ಠಾಣೆಯಲ್ಲಿ ಮತ ಹಾಕುತ್ತೇವೆ, ಉಡುಪಿಯಲ್ಲೋ ವಿಜಯಪುರದಲ್ಲೋ ಇನ್ನೊಂದು ಮತ ಕೇಳುವುದಿಲ್ಲ. ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಒಬ್ಬನ ಹೆಸರಿರಕೂಡದೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹೇಳುತ್ತದೆ. ಅದರಿಂದ ನಮ್ಮ ಕನ್ನಡತನಕ್ಕೆ ಯಾವ ಕುಂದೂ ಬಂದಿಲ್ಲ. ತೆರಿಗೆ, ಚುನಾವಣೆ, ನೀರಿನ ಕೊರತೆ ಎಲ್ಲವನ್ನೂ ಇಲ್ಲಿಯೇ ಅನುಭವಿಸುವವನ ಮತಕ್ಕೂ ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಂದು ಹೋಗುವವನ ಮತಕ್ಕೂ ಒಂದೇ ತೂಕವೇ?

ಇದಕ್ಕಿಂತ ನನ್ನನ್ನು ಕೆಣಕುವುದು ಬೇರೆ. ನವಿ ಮುಂಬಯಿಯ ಕಟ್ಟಡಗಳಲ್ಲಿ ಗಾರೆ ಹೊರುವ ನಮ್ಮ ಕಲಬುರಗಿ, ರಾಯಚೂರುಗಳ ತರುಣ ಕೊಲ್ಲಿಗೆ ಹೋಗಬಯಸಿದರೆ, ಹತ್ತನೆಯ ತರಗತಿ ದಾಟಿಲ್ಲವೆಂಬ ಕಾರಣಕ್ಕೆ ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮೂರಕ್ಷರ ಬೀಳುತ್ತದೆ. 1983ರ ವಲಸೆ ಕಾಯಿದೆಯಡಿ ಅವನು ಅನುಮತಿ ಪಡೆದೇ ವಿಮಾನ ಹತ್ತಬೇಕು. ರಕ್ಷಣೆಗೆಂದು ಮಾಡಿದ ನಿಯಮವದು, ನಿಜ; ಆದರೆ ನಿಯಮ ತಿಳಿಯದವನಿಗೆ ಅದು ದಲ್ಲಾಳಿಯ ಬಾಗಿಲನ್ನೇ ತೋರಿಸುತ್ತದೆ. ಒಂದೇ ಪೌರತ್ವವೂ ಪೂರ್ತಿ ದಕ್ಕದ ಈತನ ಅರ್ಜಿ ತುಂಬಿಕೊಡಲು ನಮ್ಮ ಸಂಘಗಳಲ್ಲಿ ಭಾನುವಾರದ ಎರಡು ಗಂಟೆ ಮೀಸಲಿಡಲಾಗದೆ? ದ್ವಿಪೌರತ್ವದ ಠರಾವು ಮಂಡಿಸಲು ಮಾತ್ರ ಸಭಾಂಗಣ ಸಿಗುತ್ತದೆ.

ಪರರ ಮಕ್ಕಳ ಬಗ್ಗೆ ಇಷ್ಟು ಬರೆದವನು ತನ್ನ ಮನೆಯ ಮಾತನ್ನು ಮುಚ್ಚಿಡಬಾರದು. ನನ್ನ ಮಗನೂ ಟೊರಾಂಟೊದಲ್ಲಿದ್ದಾನೆ. ಮೇಲೆ ಹೇಳಿದ ಟಿಎನ್‌ನ ಆಸೆಯಿಂದಲೇ ಕೆನಡಾದ ಪೌರತ್ವಕ್ಕೆ ಅರ್ಜಿ ಹಾಕಿ ನನ್ನ ಅಭಿಪ್ರಾಯ ಕೇಳಿದ. ನಾನು ತಡೆಯಲಿಲ್ಲ. ಅದು ಕೈಗೆ ಬಂದೊಡನೆ ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆ, ಕಲ್ಯಾಣದ ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು 7ನೆಯ ನಮೂನೆಯ ವ್ಯವಸ್ಥೆಯನ್ನೂ ಮಾಡು ಎಂದು ಬರೆದೆ. ಅವನ ತಾಯಿ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.