ವಿಕಿರಣದ ಬೀಜ: ಬೇಕಾ, ಬೇಡವಾ? ಅಜ್ಜನನ್ನೇ ಕೇಳಿ

ಮನೆಯಲ್ಲಿ ಮಾತಾಡದ ವಿಷಯಗಳು | ಭಾಗ 4

"ಪ್ರೊಸ್ಟೇಟ್ ಕ್ಯಾನ್ಸರಿಗೆ ಒಳಗೆ ವಿಕಿರಣದ ಬೀಜ ಇಡ್ತಾರಂತೆ."
"ಅಯ್ಯೋ, ಬೇಡ ಮಾರಾಯ್ರೆ!"

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಮ್ಮ ಕರಾವಳಿಯಲ್ಲಿ ವಿಕಿರಣ ಅಂದ್ರೆ ಕೈಗಾ. ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ರು. ಆದರೆ ಸ್ಥಾವರದ ಪ್ರಶ್ನೆ ಬೇರೆ, ಚಿಕಿತ್ಸೆಯ ಪ್ರಶ್ನೆ ಬೇರೆ. ಅಲ್ಲಿ ಬೇಡ ಅಂದವರು ಇಲ್ಲಿಯೂ ಬೇಡ ಅನ್ನಬೇಕೆಂದಿಲ್ಲ.

ಬೀಜ ಅಂದ್ರೆ ಎಂತ? ಅಕ್ಕಿ ಕಾಳಿಗಿಂತ ಸಣ್ಣ, ಸುಮಾರು 4.5 ಮಿ.ಮೀ. ಉದ್ದದ ಟೈಟಾನಿಯಂ ಕೊಳವೆ. ಒಳಗೆ ಅಯೋಡಿನ್-125. ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡಿಕೊಂಡು, ಸೂಜಿಯಲ್ಲಿ ಹತ್ತಾರು ಬೀಜಗಳನ್ನು ಗ್ರಂಥಿಯೊಳಗೆ ಇಡ್ತಾರೆ. ಮತ್ತೆ ತೆಗೆಯುವುದಿಲ್ಲ. ಮುಂಬೈಯ ಬಿಎಆರ್‌ಸಿ ಇದನ್ನು ನಮ್ಮ ದೇಶದಲ್ಲೇ ತಯಾರಿಸಿದೆ.

"ಜೀವಮಾನ ಪೂರ್ತಿ ವಿಕಿರಣವಾ?" ಬಿಕಾಂನವರೇ, ಡಬ್ಲ್ಯುಡಿವಿ ಡಿಪ್ರಿಸಿಯೇಷನ್ ನೆನಪುಂಟಲ್ಲ? ಇದೂ ಹಾಗೆಯೇ. ಸುಮಾರು 60 ದಿನಕ್ಕೊಮ್ಮೆ ಅರ್ಧ: 100, 50, 25, 12.5... ಹತ್ತು ತಿಂಗಳಿಗೆ ಉಳಿಯುವುದು ಸುಮಾರು 3. ಮೊದಲ ಕೆಲವು ವಾರ ಸಣ್ಣ ಮಕ್ಕಳನ್ನು ತುಂಬ ಹೊತ್ತು ಮಡಿಲಲ್ಲಿ ಕೂರಿಸಬೇಡಿ, ಗರ್ಭಿಣಿಯರಿಂದ ಸ್ವಲ್ಪ ದೂರ ಇರಿ ಅಂತ ಡಾಕ್ಟರ್ ಹೇಳ್ತಾರೆ.

ಹಾಗಂತ ಇದು ಎಲ್ಲರಿಗೂ ಅಲ್ಲ. ಕ್ಯಾನ್ಸರ್ ಗ್ರಂಥಿಯೊಳಗೇ ಇರಬೇಕು. ಗ್ರಂಥಿ ತುಂಬ ದೊಡ್ಡದಾಗಿದ್ದರೆ, ಮೂತ್ರದ ತೊಂದರೆ ಈಗಾಗಲೇ ಜೋರಿದ್ದರೆ ಸಾಮಾನ್ಯವಾಗಿ ಬೇಡ ಅಂತಾರೆ. ಇಟ್ಟ ಮೇಲೆ ಕೆಲವು ತಿಂಗಳು ಉರಿ, ಪದೇ ಪದೇ ಮೂತ್ರ ಬರುವುದು ಇರಬಹುದು. ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದೂ ಇಲ್ಲ.

ಈಗ ನನ್ನ ಮಾತು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರಿದ್ದರು. ಕೆಲವರಿಗೆ ಆಪರೇಷನ್, ಕೆಲವರಿಗೆ ಹೊರಗಿನಿಂದ ರೇಡಿಯೇಷನ್, ಉಳಿದವರಿಗೆ ಪಿಎಸ್‌ಎ ಪರೀಕ್ಷೆ ಮಾಡಿಸುತ್ತಾ ಕಾಯುವುದು. ಬೀಜದ ಚಿಕಿತ್ಸೆ ಆ ಪಟ್ಟಿಯಲ್ಲಿರಲಿಲ್ಲ. 2023ರ ವರದಿ ಪ್ರಕಾರ, 15 ವರ್ಷದ ನಂತರ ಮೂರೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 97 ಮಂದಿ ಈ ಕ್ಯಾನ್ಸರಿನಿಂದ ಸತ್ತಿರಲಿಲ್ಲ. ಅಂದ್ರೆ ಬೇಗ ಪತ್ತೆಯಾದವರಿಗೆ ಬದುಕುತ್ತೇವಾ ಅನ್ನುವಷ್ಟೇ ದೊಡ್ಡ ಪ್ರಶ್ನೆ, ಹೇಗೆ ಬದುಕುತ್ತೇವೆ ಅನ್ನುವುದು. ಮೂತ್ರ ಸೋರುವುದು, ಮಲದ ತೊಂದರೆ, ದಾಂಪತ್ಯ. ಯಾವುದನ್ನು ಸಹಿಸಬಹುದು, ಯಾವುದು ಆಗುವುದಿಲ್ಲ ಅಂತ ಹೇಳಬೇಕಾದ್ದು ಆ ಮನುಷ್ಯ.

ನಮ್ಮಲ್ಲಿ ಆಗುವುದೆಂತ? ಅಜ್ಜ ಹೊರಗೆ ಬೆಂಚಿನಲ್ಲಿ, ಮಕ್ಕಳು ಒಳಗೆ ಡಾಕ್ಟರ್ ಹತ್ತಿರ. "ಅವರಿಗೆ ಹೇಳಬೇಡಿ, ಹೆದರ್ತಾರೆ." ಪ್ರೀತಿಯೇ, ಒಪ್ಪಿದೆ. ಆದರೆ ಮೈ ಅವರದ್ದು.

ಕಂಕನಾಡಿಯಿಂದ ದೇರಳಕಟ್ಟೆವರೆಗೆ ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಯೂರಾಲಜಿ ಡಾಕ್ಟರನ್ನೂ ರೇಡಿಯೇಷನ್ ಡಾಕ್ಟರನ್ನೂ, ಇಬ್ಬರನ್ನೂ ಕೇಳಿ. ಕೇಳುವಾಗ ಅಜ್ಜನನ್ನು ಒಳಗೆ ಕೂರಿಸಿ. ನಾಚಿಕೆ ಆದ್ರೆ ನೀವು ಐದು ನಿಮಿಷ ಹೊರಗೆ ಹೋಗಿ.

ಸೇವ್ ಮಾಡಿಡಿ, ಮನೆಯ ಗ್ರೂಪಿಗೂ ಕಳಿಸಿ. ನಿಮ್ಮ ಮನೆಯಲ್ಲಿ ಇಂಥ ತೀರ್ಮಾನ ಯಾರದ್ದು? ಕಾಮೆಂಟಿನಲ್ಲಿ ಹೇಳಿ. 👇

#ಮಂಗಳೂರು #ಗಂಡಸರಆರೋಗ್ಯ #ಮನೆಯಲ್ಲಿಮಾತಾಡದವಿಷಯಗಳು